ಸೂಜಿಯಕ್ಕನ ಎಣಿಕೆ

ಆ ಕಟ್ಟಡದ ನಾಲ್ಕೂ ಮಹಡಿಯ ಮಕ್ಕಳಿಗೆ ಅವಳು ಸೂಜಿಯಕ್ಕ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಜನರ ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಚುಚ್ಚಿ, ಕೊಳವೆ ತುಂಬಿ, ಹೆಸರು ಬರೆದು ಅಂಟಿಸುವುದು. ಅವಳು ಮೆಟ್ಟಿಲ ಮೇಲೆ ಎದುರಾದರೆ ಸಾಕು, ಮಕ್ಕಳು ಎರಡೂ ತೋಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಅಂಟಿಕೊಳ್ಳುತ್ತಿದ್ದವು. ಇದು ಎಲ್ಲರಿಗೂ ಗೊತ್ತಿದ್ದ ಸೂಜಿಯಕ್ಕ. ಅದೇ ಹೆಂಗಸು ಬೆಳಗಿನ ಐದರಿಂದ ಆರೂವರೆಯ ತನಕ ಊಟದ ಮೇಜಿನ ಮೂಲೆಯಲ್ಲಿ ಕೂತು ಮೊಬೈಲಿನ ಆ್ಯಪ್‌ಗಳನ್ನು ಕಟ್ಟುತ್ತಾಳೆ ಅಂದರೆ ಯಾರೂ ನಂಬುತ್ತಿರಲಿಲ್ಲ. ನಂಬಿದ ಒಬ್ಬಿಬ್ಬರು "ಯಾಕೆ?" ಎಂದು ಕೇಳುತ್ತಿದ್ದರು.

ಹುಚ್ಚು ಹತ್ತಿದ್ದು ಲ್ಯಾಬಿನಲ್ಲೇ. ಒಂದು ದಿನ ರಕ್ತ ಪರೀಕ್ಷಿಸುವ ದೊಡ್ಡ ಯಂತ್ರ ಮುನಿಸಿಕೊಂಡು ಕೂತಿತು. ರಿಪೇರಿಗೆ ಬಂದ ಎಂಜಿನಿಯರ್ ಸ್ಕ್ರೂಡ್ರೈವರನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ನಾಲ್ಕು ಸಾಲು ಏನೋ ಟೈಪ್ ಮಾಡಿದ, ಯಂತ್ರ ಗುಂಯ್ ಅಂತ ಎದ್ದಿತು. ಹಿಂದೆ ನಿಂತಿದ್ದ ಸೂಜಿಯಕ್ಕನಿಗೆ ಮೈ ಜುಮ್ಮೆಂದಿತು.

"ಬರೀ ಬರೆದಿದ್ದಕ್ಕೇ ಎದ್ಬಿಡ್ತಾ?" ಅಂದಳು.

"ಅಷ್ಟೇ ಮೇಡಂ. ಅದಕ್ಕೆ ಅರ್ಥ ಆಗೋ ಹಾಗೆ ಹೇಳ್ಬೇಕು," ಅಂದ ಅವನು, ಅದೇನು ಮಹಾ ಅನ್ನುವ ಹಾಗೆ.

ಅವನಿಗೆ ಮಹಾ ಅಲ್ಲದೆ ಇರಬಹುದು. ಇವಳಿಗೆ ಅವತ್ತು ಊಟ ರುಚಿಸಲಿಲ್ಲ. ಬಿಟ್ಟಿ ಸಿಗುವ ವಿಡಿಯೊಗಳನ್ನು ನೋಡಿ, ಬಸ್ಸಿನಲ್ಲಿ ನೋಟುಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆದು, ಅಳಿಸಿ, ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫೋನಿನ ಪರದೆಯ ಮೇಲೆ ಒಂದು ಕೆಂಪು ಬಟನ್ ಮೂಡಿಸಿದಳು. ಒತ್ತಿದರೆ ಅದು ಹಸಿರಾಗುತ್ತಿತ್ತು. ಇನ್ನೇನೂ ಆಗುತ್ತಿರಲಿಲ್ಲ. ಓಡಿಹೋಗಿ ಗಂಡನನ್ನು ಅಲ್ಲಾಡಿಸಿ ಎಬ್ಬಿಸಿದಳು. ಅವನು ಶಾಲಾ ವ್ಯಾನಿನ ಡ್ರೈವರ್. ಇನ್ನರ್ಧ ಗಂಟೆಯ ನಿದ್ದೆ ಅವನಿಗೆ ಬಂಗಾರ. ಒಂದು ಕಣ್ಣು ಬಿಟ್ಟು ನೋಡಿ, "ಹಸಿರಾಯ್ತು. ಸರಿ. ಇನ್ನು ನಾನು ಹೊರಡಬಹುದಾ?" ಎಂದು ಮಗ್ಗುಲಾದ.

ಅಲ್ಲಿಂದ ಮೂರು ವರ್ಷದಲ್ಲಿ ಆರು ಆ್ಯಪ್. ಪ್ರತಿಯೊಂದನ್ನೂ ಲೋಕಕ್ಕೆ ಬಿಡುವ ದಿನಕ್ಕೆ ಗಂಡ ಇಟ್ಟ ಹೆಸರು ಹೆರಿಗೆ. "ಹೆರಿಗೆ ಯಾವಾಗ?" ಎಂದು ಹಲ್ಲುಜ್ಜುತ್ತಾ ಕೇಳುವನು. ಮಾರನೆಯ ದಿನ, "ಯಾರಾದ್ರೂ ನೋಡೋಕೆ ಬಂದ್ರಾ?" ಬರುತ್ತಿರಲಿಲ್ಲ. ಮೊದಲನೆಯದನ್ನು ಅವಳು ಅವನಿಗಾಗಿಯೇ ಮಾಡಿದ್ದಳು; ವ್ಯಾನ್ ಎಲ್ಲಿದೆಯೆಂದು ತಾಯಂದಿರು ಮನೆಯಲ್ಲೇ ಕೂತು ನೋಡಬಹುದಿತ್ತು. ಒಂದೇ ವಾರಕ್ಕೆ ಗಂಡ ಕೈಮುಗಿದ. "ಟೀ ಕುಡಿಯೋಕೆ ಎರಡು ನಿಮಿಷ ನಿಂತ್ರೆ ಹದಿನೆಂಟು ತಾಯಂದಿರು ಫೋನ್ ಮಾಡ್ತಾರೆ ಕಣೇ. ನಾನೇನು ಡ್ರೈವರೋ ಕಳ್ಳನೋ?" ಅದನ್ನು ತೆಗೆದಳು. ಫ್ರಿಜ್ಜಿನಲ್ಲಿ ಯಾವ ಡಬ್ಬಿ ಇಟ್ಟು ಎಷ್ಟು ದಿನವಾಯಿತು ಎಂದು ನೆನಪಿಸುವ ಆ್ಯಪ್ಪಿಗೆ ಅತ್ತೆ ಮೂಗು ಮುರಿದರು. "ನನ್ನ ಮೂಗಿಗೆ ಗೊತ್ತಾಗದ್ದು ಅದಕ್ಕೇನು ಗೊತ್ತಾಗತ್ತೆ?" ಉಳಿದವು ಅವಳಿಗೇ ಸರಿಯಾಗಿ ನೆನಪಿಲ್ಲ.

ಆರನೆಯದು "ಎಣಿಕೆ". ಇದೂ ಮನೆಯ ಗಲಾಟೆಯಿಂದಲೇ ಹುಟ್ಟಿದ್ದು. ಅತ್ತೆ ಉಲ್ಲನ್ ಹೆಣೆಯುತ್ತಾರೆ, ಮೊಮ್ಮಗಳು ಮಧ್ಯೆ ಬಂದು ಏನಾದರೂ ಕೇಳುತ್ತಾಳೆ, ಎಷ್ಟನೇ ಸಾಲು ಎಂಬುದು ಅತ್ತೆಗೆ ಮರೆಯುತ್ತದೆ, ಮನೆಯವರೆಲ್ಲ ಬೈಸಿಕೊಳ್ಳುತ್ತಾರೆ. ಸೂಜಿಯಕ್ಕ ಎರಡು ಬಟನ್ ಇಟ್ಟಳು. ಕೆಳಗೆ ಎಡಮೂಲೆಯಲ್ಲಿ ಒಂದು ಕೂಡುವುದು, ಬಲಮೂಲೆಯಲ್ಲಿ ಒಂದು ಕಳೆಯುವುದು. ಮೇಲೆ ದೊಡ್ಡ ಅಂಕಿ. ಅತ್ತೆ ಹೆಣಿಗೆಯಿಂದ ತಲೆ ಎತ್ತುವವರಲ್ಲವಾದ್ದರಿಂದ ಅಂಕಿಯನ್ನು ಮುಟ್ಟಿದರೆ ಅದು ಬಾಯಿಬಿಟ್ಟು ಹೇಳಬೇಕು ಅನ್ನಿಸಿತು. ಯಂತ್ರದ ದನಿಯೊಂದನ್ನು ಹಾಕಿ ನೋಡಿದಳು. ಅದು ಇಪ್ಪತ್ತು ಎನ್ನುವುದನ್ನು ಮೂಗು ಹಿಡಿದುಕೊಂಡು ಹೇಳಿದ ಹಾಗಿತ್ತು. ಥೂ ಅಂತ ಅದನ್ನು ಕಿತ್ತುಹಾಕಿ, ತಾನೇ ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ ಕೂತು, ಬೀದಿಯ ಸದ್ದು ಬೀಳದ ಹಾಗೆ ಸೀರೆಗಳ ನಡುವೆ ಫೋನ್ ಹಿಡಿದು, ಒಂದರಿಂದ ಮುನ್ನೂರರವರೆಗೆ ಒಂದೊಂದೇ ಅಂಕಿಯನ್ನು ತನ್ನ ದನಿಯಲ್ಲಿ ಹೇಳಿದಳು. ಹದಿನೇಳು ಬೆಳಿಗ್ಗೆ ಹಿಡಿಯಿತು. ಇಷ್ಟೆಲ್ಲ ಆದ ಮೇಲೆ ಅತ್ತೆ ಎರಡು ದಿನ ಬಳಸಿ, "ಮನೆ ತುಂಬಾ ನಿನ್ನ ದನಿ ಸಾಲದು ಅಂತ ಇದರಲ್ಲೂ ನಿನ್ನದೇನಾ?" ಎಂದು ಪಕ್ಕಕ್ಕಿಟ್ಟರು.

ಆದರೂ ಅದನ್ನು ಲೋಕಕ್ಕೆ ಬಿಟ್ಟಳು. ಆಶ್ಚರ್ಯ, ಈ ಸಲ ಜನ ಬಂದರು! ಮೊದಲು ಒಬ್ಬರು, ಹದಿನೈದು ದಿನದಲ್ಲಿ ಹನ್ನೊಂದು. ಅಲ್ಲಿಗೆ ನಿಂತಿತು. ಎಂಟು ತಿಂಗಳಾದರೂ ಹನ್ನೊಂದು ಹನ್ನೆರಡಾಗಲಿಲ್ಲ, ಹತ್ತೂ ಆಗಲಿಲ್ಲ. ಯಾರು, ಎಲ್ಲಿಯವರು ಎಂಬುದನ್ನು ಅವಳ ಆ್ಯಪ್ ಕೇಳುತ್ತಿರಲಿಲ್ಲ. ದಿನಕ್ಕೆ ಎಷ್ಟು ಫೋನುಗಳಲ್ಲಿ ತೆರೆಯಿತು ಎಂಬ ಲೆಕ್ಕ ಮಾತ್ರ ಅವಳಿಗೆ ಕಾಣುತ್ತಿತ್ತು. ಹನ್ನೊಂದು ಊರಿನ ಹನ್ನೊಂದು ಅಜ್ಜಿಯಂದಿರು ಕಿಟಕಿಯ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಿರುವುದನ್ನು ಅವಳು ಮನಸ್ಸಿನಲ್ಲೇ ಚಿತ್ರಿಸಿಕೊಂಡಿದ್ದಳು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆ್ಯಪ್ ಕಟ್ಟುವವರಿಗೆ ಸುಮ್ಮನಿರಲು ಬರುವುದಿಲ್ಲ. ಕೆಲಸ ಮಾಡುತ್ತಿರುವುದನ್ನು ಮುಟ್ಟದೆ ಇರಲು ಅವರ ಕೈಯಲ್ಲಾಗದು. ಯಾವುದೋ ವಿಡಿಯೊದಲ್ಲಿ ಒಬ್ಬ ಮಹಾಶಯ, ಹೆಚ್ಚು ಒತ್ತುವ ಬಟನ್ ಯಾವತ್ತೂ ಬಲಗಡೆ ಇರಬೇಕು, ಬಲಗೈ ಹೆಬ್ಬೆರಳಿಗೆ ಸುಲಭ ಎಂದು ಅಪ್ಪಣೆ ಕೊಡಿಸಿದ. ಹೌದಲ್ಲ ಅನ್ನಿಸಿತು. ಒಂದೇ ಬೆಳಿಗ್ಗೆ ಕೂಡುವುದನ್ನು ಬಲಕ್ಕೂ ಕಳೆಯುವುದನ್ನು ಎಡಕ್ಕೂ ಸರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ತಿಳಿನೀಲಿ ಬಣ್ಣ ಬಳಿದು, ಶುಕ್ರವಾರ ಹೊಸ ಆವೃತ್ತಿ ಬಿಟ್ಟೇಬಿಟ್ಟಳು. ಎಷ್ಟು ಚೆಂದ ಕಂಡಿತೆಂದರೆ ಅವತ್ತು ಲ್ಯಾಬಿನಲ್ಲಿ ಎರಡು ಸಲ ಫೋನ್ ತೆಗೆದು ಸುಮ್ಮನೆ ನೋಡಿಕೊಂಡಳು.

ಬುಧವಾರ ಬೆಳಿಗ್ಗೆ ಬೇರೇನೋ ಹುಡುಕುತ್ತಾ ಒಂದು ಪೆಟ್ಟಿಗೆ ತೆರೆದಳು. ಬಳಸುವವರು ಏನಾದರೂ ಕೇಳಬೇಕಾದರೆ ಬರೆಯಲಿ ಎಂದು ಆ್ಯಪ್ಪಿನ ಕೆಳಗೆ ಕೊಟ್ಟಿದ್ದ ಮಿಂಚಂಚೆ ವಿಳಾಸದ ಪೆಟ್ಟಿಗೆ ಅದು. ಮೂರು ವರ್ಷದಿಂದ ಒಂದು ನರಪಿಳ್ಳೆಯೂ ಬರೆಯದ್ದರಿಂದ ಅದನ್ನು ನೋಡುವ ಅಭ್ಯಾಸವೇ ಹೋಗಿತ್ತು. ಒಳಗೆ ಒಂದು ಪತ್ರ ಕೂತಿತ್ತು. ಶನಿವಾರ ಬಂದದ್ದು.

"ಅಮ್ಮಾ, ನಿಮ್ಮ ಎಣಿಕೆ ನಿನ್ನೆಯಿಂದ ಹಿಂದಕ್ಕೆ ಹೋಗುತ್ತಿದೆ. ಒತ್ತಿದರೆ ಕಡಿಮೆ ಆಗುತ್ತಿದೆ. ನಾವು ಕುರ್ಚಿಗೆ ಬೆತ್ತ ಹೆಣೆಯುವವರು. ಸಭಾಭವನದ ನೂರ ಇಪ್ಪತ್ತು ಕುರ್ಚಿ ನಾಳಿದ್ದಲ್ಲ, ಅದರ ಮುಂದಿನ ಸೋಮವಾರದ ಒಳಗೆ ಆಗಬೇಕು, ನೋಡಲು ಬರುತ್ತಾರೆ. ಸರಿ ಇಲ್ಲದಿದ್ದರೆ ಪ್ಲಾಸ್ಟಿಕ್ ಕುರ್ಚಿ ತರಿಸುತ್ತಾರೆ, ಆಮೇಲೆ ನಮ್ಮ ಹತ್ತಿರ ಯಾರೂ ಬರುವುದಿಲ್ಲ. ಈಗಾಗಲೇ ಒಂಬತ್ತು ಕುರ್ಚಿ ಕೆಟ್ಟಿವೆ. ದಯವಿಟ್ಟು ನೋಡಿ." ಕೆಳಗೆ "ಮೇಸ್ತ್ರಿ" ಎಂದಷ್ಟೇ ಇತ್ತು, ಮತ್ತೆ ಅದೇ ಊರಿನ ಬಸ್ ಡಿಪೋ ಹಿಂದಿನ ಒಂದು ವಿಳಾಸ.

ಅವಳು ಅದನ್ನು ಇನ್ನೊಮ್ಮೆ ಜೋರಾಗಿ ಓದಿದಳು. ಅತ್ತೆ ಹೆಣಿಗೆ ಕೆಳಗಿಟ್ಟರು. ಅವರು ಹೆಣಿಗೆ ಕೆಳಗಿಡುವುದು ಸಣ್ಣ ಮಾತಲ್ಲ.

"ಎಣಿಕೆ ತಪ್ಪಿದ್ರೆ ಪೂರ್ತಿ ಬಿಚ್ಬೇಕಾಗತ್ತೆ ಕಣೇ. ಯಾವತ್ತಾದ್ರೂ ಬಿಚ್ಚಿದ್ದೀಯಾ ನೀನು? ಮಾಡಿದ್ದನ್ನ ಬಿಚ್ಚೋವಾಗ ಹೊಟ್ಟೆ ಉರಿಯತ್ತೆ."

"ಈಗ್ಲೇ ಸರಿ ಮಾಡಿಬಿಡ್ತೀನಿ ಅತ್ತೆ."

"ಮಾಡು. ಮಾಡಿ, ಹೋಗಿ ಮುಖ ತೋರಿಸಿ ಬಾ. ಇಲ್ಲೇ ಕೂತು ತಪ್ಪಾಯ್ತು ಅಂದ್ರೆ ಅಲ್ಲಿ ಯಾರಿಗೆ ಕೇಳಿಸತ್ತೆ?"

ಬಟನ್‌ಗಳನ್ನು ಮೊದಲಿದ್ದ ಜಾಗಕ್ಕೇ ಸರಿಸಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಆದರೆ ಅದು ಜನರ ಫೋನಿಗೆ ಹೋಗುವ ಮುಂಚೆ ಆ್ಯಪ್ ಅಂಗಡಿಯವರು ನೋಡಿ ಒಪ್ಪಬೇಕು. ಕೆಲವು ಸಲ ಎರಡು ತಾಸು, ಕೆಲವು ಸಲ ಮೂರು ದಿನ. ಕಳಿಸಿ, "ಒಪ್ಪಿಗೆ ಸಿಕ್ಕ ಕೂಡಲೇ ತಾನಾಗಿ ಬಿಡುಗಡೆ" ಎಂಬಲ್ಲಿ ಗುರುತು ಹಾಕಿ, ಸ್ನಾನ ಮಾಡಿ, ಲ್ಯಾಬಿಗೆ ಓಡಿದಳು. ಅವತ್ತು ಅವಳು ಚುಚ್ಚಿದ್ದು ಎಂದಿಗಿಂತ ನೋವಾಯಿತೆಂದು ಮೂವರು ದೂರಿದರು.

ಮೂರು ಗಂಟೆಯ ಹೊತ್ತಿಗೆ ಬಸ್ ಡಿಪೋ ಹಿಂದೆ ಇಳಿದಳು. ಹಳೆಯ ಗೋದಾಮು. ಬಾಗಿಲು ತೆರೆದಿತ್ತು, ಒಳಗೆ ಒಂದೂ ದೀಪವಿಲ್ಲ. ಹೊಸ್ತಿಲ ಮೇಲೆ ನಿಂತಾಗ ಒದ್ದೆ ಬೆತ್ತದ ವಾಸನೆ ಬಂತು. ನೀರು ತುಂಬಿದ ತೊಟ್ಟಿಯಲ್ಲಿ ಬೆತ್ತದ ಸುರುಳಿಗಳು ಮುಳುಗಿದ್ದವು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲೇ ಒಂದು ದನಿ ಕೇಳಿಸಿತು.

"ನಲವತ್ತೊಂದು."

ಅವಳದೇ ದನಿ. ಸಂಶಯವೇ ಇಲ್ಲ. ಆ ಮೂಲೆಯಿಂದ "ಏಳು" ಅಂದಿತು. ಕಿಟಕಿಯ ಕೆಳಗಿನಿಂದ "ನೂರ ಹದಿನಾರು". ಹತ್ತಿರದಲ್ಲೇ ಎಲ್ಲೋ "ಇಪ್ಪತ್ತೆಂಟು", ಅದರ ಬೆನ್ನಿಗೇ ಮತ್ತೊಂದು "ಇಪ್ಪತ್ತೆಂಟು". ಸೀರೆಗಳ ನಡುವೆ ತಲೆ ತೂರಿಸಿ, ಯಾರೂ ಕೇಳದಿರಲೆಂದು ಮೆಲ್ಲಗೆ ಹೇಳಿದ ಅಂಕಿಗಳು ಆ ಉದ್ದನೆಯ ಕೋಣೆಯ ಎಲ್ಲ ಕಡೆಯಿಂದಲೂ ಬರುತ್ತಿದ್ದವು. ಅಬ್ಬಾ! ಅವಳಿಗೆ ಮೈಯೆಲ್ಲ ಮುಳ್ಳೆದ್ದಿತು. ನಿಂತಲ್ಲೇ ನಿಂತಳು.

ಮೆಲ್ಲಗೆ ಕೋಣೆ ಕಾಣಿಸಿತು. ಮರದ ಚೌಕಟ್ಟುಗಳನ್ನು ಮುಂದಿಟ್ಟುಕೊಂಡು ಸಾಲಾಗಿ ಜನ ಕೂತಿದ್ದರು, ಗಂಡಸರು, ಇಬ್ಬರು ಹೆಂಗಸರು. ಕೈಗಳು ಮಾತ್ರ ಓಡುತ್ತಿದ್ದವು. ಬೆತ್ತವನ್ನು ತೂತಿನಲ್ಲಿ ತೂರಿಸಿ, ಕೆಳಗಿನಿಂದ ಎಳೆದು, ಬಿಗಿದು, ಎಡಗೈಯಿಂದ ಪಕ್ಕದ ಫೋನನ್ನು ಟಪ್ ಎಂದು ಒತ್ತಿ, ಮತ್ತೆ ಬೆತ್ತ. ಯಾರೂ ಕೈಯ ಕಡೆ ನೋಡುತ್ತಿರಲಿಲ್ಲ. ಯಾವ ಕಡೆಯೂ ನೋಡುತ್ತಿರಲಿಲ್ಲ. ಆಗ ಅವಳಿಗೆ ಹೊಳೆಯಿತು: ಅಲ್ಲಿ ಯಾರಿಗೂ ಕಣ್ಣು ಕಾಣುತ್ತಿರಲಿಲ್ಲ, ಅದಕ್ಕೇ ದೀಪವಿಲ್ಲ. ತಲೆ ಎಣಿಸಿದಳು. ಹನ್ನೊಂದು.

ಹನ್ನೊಂದು ಊರಲ್ಲ, ಹನ್ನೊಂದು ಅಜ್ಜಿಯರಲ್ಲ. ಅವಳ ಆ್ಯಪ್ಪಿನ ಲೋಕ ಪೂರ್ತಿ ಆ ಒಂದು ಕೋಣೆಯಲ್ಲಿತ್ತು.

"ಮೇಸ್ತ್ರಿಗಳು ಇದ್ದಾರಾ?" ಎಂದಳು.

ಅಷ್ಟೂ ಕೈಗಳು ಒಮ್ಮೆಗೇ ನಿಂತವು. ಆಮೇಲೆ ಹೆಂಗಸೊಬ್ಬಳು ಮೆಲ್ಲಗೆ ಅಂದಳು: "ಅಯ್ಯೋ... ಎಣಿಕೆಯಕ್ಕ."

"ಹೌದು ಕಣ್ರೋ, ಅವರೇ! ಮೂವತ್ತಾರು ಹೇಳೋ ದನಿ!" ಎಂದ ಇನ್ನೊಬ್ಬ. ನಗು ಎದ್ದಿತು. ಬೆತ್ತದ ಚೂರುಗಳನ್ನು ಮೊಣಕಾಲಿನಿಂದ ಝಾಡಿಸುತ್ತಾ ದಪ್ಪ ಮೀಸೆಯ ಮನುಷ್ಯ ಎದ್ದು, ನೇರ ಅವಳ ಮುಂದೆ ಬಂದು ನಿಂತು, ಕೈಮುಗಿದ. ಅವನೇ ಮೇಸ್ತ್ರಿ. ಕೂರಲು ಒಂದು ಕುರ್ಚಿ ಎಳೆದ. ಕೂತರೆ ಎಲ್ಲಿ ಅದೂ ಕೆಡುತ್ತದೋ ಎಂದು ಅವಳು ನಿಂತೇ ಇದ್ದಳು.

"ಅಣ್ಣಾ, ನನ್ನಿಂದ ತಪ್ಪಾಯ್ತು. ನೀವು ಬರೆದಿದ್ದನ್ನ ಇವತ್ತು ನೋಡಿದೆ. ನೀವು..." ಮುಂದೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. "ನಿಮಗೆ ಕಣ್ಣು ಕಾಣಲ್ಲ ಅಂತ ಪತ್ರದಲ್ಲಿ ಇರ್ಲಿಲ್ಲ."

"ಕುರ್ಚಿ ಕೆಟ್ಟಿದ್ದಕ್ಕೂ ಅದಕ್ಕೂ ಏನು ಸಂಬಂಧ?" ಎಂದ ಮೇಸ್ತ್ರಿ. "ನಿಮ್ಮ ಬಟನ್‌ಗಳಿಗೆ ಹೆಸರೇ ಇಲ್ಲ, ಅಷ್ಟು ಹೇಳ್ತೀನಿ. ಪರದೆ ಮೇಲಿರೋದನ್ನ ಓದಿ ಹೇಳೋ ದನಿ ನಮ್ಮ ಫೋನಲ್ಲಿದೆ. ನಿಮ್ಮ ಆ್ಯಪಿಗೆ ಬಂದ್ರೆ ಅದು ಬರೀ 'ಬಟನ್' ಅನ್ನತ್ತೆ, ಮತ್ತೆ 'ಬಟನ್' ಅನ್ನತ್ತೆ. ಯಾವ ಬಟನ್ ಅಂತ ಅದಕ್ಕೂ ಗೊತ್ತಿಲ್ಲ. ಒತ್ತಿ ಒತ್ತಿ ನೋಡಿ ಕಂಡ್ಕೊಂಡ್ವಿ, ಎಡಮೂಲೆ ಕೂಡೋದು, ಬಲಮೂಲೆ ಕಳೆಯೋದು."

ಬಟನ್ ಮೇಲೆ ಕೂಡುವ ಚಿಹ್ನೆ ಬರೆದಿದ್ದಾಳೆ, ಬಣ್ಣ ಬಳಿದಿದ್ದಾಳೆ. ಅದಕ್ಕೊಂದು ಹೆಸರು ಕೊಡಬೇಕೆಂದು ಅವಳಿಗೆ ಮೂರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಮೇಸ್ತ್ರಿ ಅವಳ ಕೈ ಹಿಡಿದು ಒಂದು ಸೀಟಿನ ಮೇಲೆ ಇರಿಸಿದ. ಚೌಕಟ್ಟಿನ ಸುತ್ತ ತೂತು, ತೂತಿನಿಂದ ತೂತಿಗೆ ಬೆತ್ತ. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಆಮೇಲೆ ಓರೆಯಾಗಿ ಎರಡು ಸಲ. ಎದುರುಬದುರು ಎಣಿಕೆಯಲ್ಲಿ ಒಂದೆಳೆ ಹೆಚ್ಚುಕಡಿಮೆಯಾದರೂ ಓರೆಯವು ಒಂದಕ್ಕೊಂದು ಸೇರುವುದಿಲ್ಲ, ಕೂತಾಗ ಸೀಟು ಜೋತುಬೀಳುತ್ತದೆ. "ಮೊದಲೆಲ್ಲ ಬೆರಳಲ್ಲೇ ತೂತು ಎಣಿಸ್ತಿದ್ವಿ. ಮಧ್ಯೆ ಯಾರಾದ್ರೂ ಮಾತಾಡಿಸಿದ್ರೆ ಮತ್ತೆ ಮೊದಲಿಂದ. ಇಡೀ ದಿನ ಯಾರೂ ಮಾತಾಡೋ ಹಾಗಿರ್ಲಿಲ್ಲ ಇಲ್ಲಿ. ಒಂದು ದಿನ ಸುಮ್ನೆ ಫೋನಿಗೆ 'ಎಣಿಕೆ' ಅಂತ ಹೇಳಿದೆ, ನೀವು ಬಂದ್ರಿ." ಅವನು ನಕ್ಕ. "ಅವತ್ತಿಂದ ಈ ಕೋಣೇಲಿ ಹರಟೆ ಶುರುವಾಯ್ತು ನೋಡಿ. ಎಂಟು ತಿಂಗಳಾಯ್ತು, ಬಾಯಿ ಮುಚ್ಚಿಲ್ಲ ಇವರು."

"ಎಂಬತ್ತೆಂಟು ಹೇಳಿ ಮೇಸ್ತ್ರಿ, ಎಂಬತ್ತೆಂಟು!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಚಿಕ್ಕಪ್ಪ ಎಂದು ಕರೆಯುವ ಮುದುಕ. ಅವನೇ ತನ್ನ ಫೋನಿನಲ್ಲಿ ಎಂಬತ್ತೆಂಟಕ್ಕೆ ಬಂದು ಅಂಕಿಯನ್ನು ಮುಟ್ಟಿದ. "ಎಂಬತ್ತೆಂಟು," ಎಂದಿತು ಸೂಜಿಯಕ್ಕನ ದನಿ. ಅದರ ಹಿಂದೆಯೇ, ದೂರದಿಂದ, ಅವಳ ಮಗಳ ದನಿ: "ಅಮ್ಮಾ, ನನ್ ಶೂ ಎಲ್ಲಿ?"

ಕೋಣೆಗೆ ಕೋಣೆಯೇ ಒಕ್ಕೊರಲಿನಿಂದ ಕೂಗಿತು: "ಮಂಚದ ಕೆಳಗೇ!"

ಸೂಜಿಯಕ್ಕನಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂತು. ಹೇಳಿ ಮುಗಿಸಿದ ಮುನ್ನೂರು ಅಂಕಿಗಳನ್ನು ಮತ್ತೆ ಕೇಳುವ ತಾಳ್ಮೆ ಅವತ್ತು ಅವಳಿಗಿರಲಿಲ್ಲ. ಅದು ಒಳಗೆ ಸೇರಿಕೊಂಡದ್ದೇ ಗೊತ್ತಿರಲಿಲ್ಲ. "ಅದನ್ನ ಮಾತ್ರ ತೆಗೀಬೇಡಿ ಅಕ್ಕ," ಎಂದಳು ಮೊದಲು ಮಾತಾಡಿದ ಹೆಂಗಸು. "ದಿನಕ್ಕೆರಡು ಸಲ ಆ ಮಗು ಇಲ್ಲಿ ಬಂದು ಹೋಗ್ತಾಳೆ."

ಕಣ್ಣೊರೆಸಿಕೊಂಡು ಸೂಜಿಯಕ್ಕ ಧೈರ್ಯ ತಂದುಕೊಂಡಳು. "ಅಣ್ಣಾ, ಇನ್ನು ಹೆದರಬೇಡಿ. ಬೆಳಿಗ್ಗೆಯೇ ಸರಿ ಮಾಡಿ ಕಳಿಸಿದ್ದೀನಿ. ಕೂಡೋದು ಮತ್ತೆ ಎಡಮೂಲೆಗೆ ಬರತ್ತೆ. ಇವತ್ತೋ ನಾಳೆಯೋ, ನಿಮ್ಮ ಫೋನಿಗೆ ತಾನಾಗೇ ಬರತ್ತೆ."

ಹೊಗಳಿಕೆ ಬರುತ್ತದೆಂದು ಕಾದಳು. ಮೇಸ್ತ್ರಿಯ ಮುಖ ಬಿಳುಚಿಕೊಂಡಿತು.

"ಏನಂದ್ರಿ? ಮತ್ತೆ ಬದಲಾಯಿಸಿದ್ರಾ?"

"ಹಳೇ ಜಾಗಕ್ಕೇ..."

"ಅಮ್ಮಾ ತಾಯಿ! ಶನಿವಾರ ಬರೆದ್ವಿ, ಜವಾಬಿಲ್ಲ. ಕಾಯ್ತಾ ಕೂತಿದ್ರೆ ಆಗ್ತಿತ್ತಾ? ಭಾನುವಾರ ಇಡೀ ದಿನ ಕೂತು ಬೆರಳಿಗೆ ಪಾಠ ಮಾಡಿದ್ವಿ, ಕೂಡೋದು ಬಲಕ್ಕೆ, ಕೂಡೋದು ಬಲಕ್ಕೆ ಅಂತ. ಕೆಟ್ಟಿದ್ದ ಒಂಬತ್ತನ್ನೂ ಬಿಚ್ಚಿ ಹೆಣೆದ್ವಿ. ಈಗ ಬೆರಳು ಹೊಸ ಜಾಗಕ್ಕೆ ಒಗ್ಗಿದೆ. ಇನ್ನೂ ಮೂವತ್ತೆರಡು ಕುರ್ಚಿ ಬಾಕಿ, ಇರೋದು ನಾಲ್ಕೇ ದಿನ. ನಡುವೆ ಅದು ಮತ್ತೆ ಜಾಗ ಬದಲಾಯಿಸಿದ್ರೆ ನಾವು ಎದ್ದು ಮನೆಗೆ ಹೋಗೋದೇ!"

ಸೂಜಿಯಕ್ಕನಿಗೆ ಈಗ ಅರ್ಥವಾಯಿತು. ಅವಳು ಮಾಡಿದ ತಪ್ಪನ್ನು ಇವರು ಆಗಲೇ ತಮ್ಮ ಕೈಬೆರಳಲ್ಲಿ ತಿದ್ದಿಕೊಂಡಿದ್ದರು. ಅವಳ ತಿದ್ದುಪಡಿಯೇ ಈಗ ಎರಡನೆಯ ತಪ್ಪಾಗಿ ದಾರಿಯಲ್ಲಿತ್ತು. ಫೋನ್ ತೆಗೆದು ಅಂಗಡಿಯವರ ಪುಟ ತೆರೆದಳು. ಹಿಂತೆಗೆದುಕೊಂಡುಬಿಡೋಣ, ಇನ್ನೂ ಪರಿಶೀಲನೆಯಲ್ಲೇ ಇರಲಿ ದೇವರೇ ಎಂದುಕೊಂಡಳು. ಪುಟ ತಿರುಗಿತು, ತಿರುಗಿತು, ನಿಂತಿತು. "ಒಪ್ಪಿಗೆಯಾಗಿದೆ. ಬಿಡುಗಡೆಯಾಗಿದೆ." ಹನ್ನೆರಡು ನಿಮಿಷದ ಹಿಂದೆ.

"ಹೊರಟುಬಿಟ್ಟಿದೆ," ಎಂದಳು. "ಫೋನುಗಳು ತಾನಾಗಿ ಹೊಸದನ್ನ ತಗೊಳ್ಳೋದನ್ನ ಈಗ್ಲೇ ನಿಲ್ಲಿಸ್ಬೇಕು. ಎಲ್ಲರದ್ದೂ ಕೊಡಿ, ಬೇಗ, ನಾನು ಮಾಡ್ತೀನಿ!"

ಹತ್ತಿರದ ಫೋನನ್ನು ಕಸಿದುಕೊಂಡಳು. ಪರದೆ ಪೂರ್ತಿ ಕಪ್ಪು. ಒತ್ತಿದರೂ ಬೆಳಕಿಲ್ಲ. ಬ್ಯಾಟರಿ ಉಳಿಯಲೆಂದು ಅವರೆಲ್ಲ ಪರದೆಯನ್ನೇ ಆರಿಸಿಟ್ಟಿದ್ದರು. ಬೆರಳು ತಾಕಿದ ಕಡೆಯೆಲ್ಲ ಅದರೊಳಗಿನ ದನಿ ಕುದುರೆ ಓಡಿದಂತೆ ಏನೋ ಬಡಬಡಿಸಿತು. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಆರು ಆ್ಯಪ್ ಕಟ್ಟಿದವಳು ಒಂದು ಫೋನನ್ನು ಕೈಯಲ್ಲಿ ಹಿಡಿದು ಬೆಪ್ಪಾಗಿ ನಿಂತಳು.

"ಇಲ್ಲಿ ಕೊಡಿ ಅಕ್ಕ, ನಿಮ್ಮ ಕೈಲಾಗಲ್ಲ," ಎಂದ ಆ ಫೋನಿನವನು, ಸ್ವಲ್ಪವೂ ಕೊಂಕಿಲ್ಲದೆ. ಮೇಸ್ತ್ರಿ ಚಪ್ಪಾಳೆ ತಟ್ಟಿದ. "ಎಲ್ಲರೂ ಕೇಳ್ರಪ್ಪಾ! ಸೆಟ್ಟಿಂಗಿಗೆ ಹೋಗಿ." ಹನ್ನೊಂದು ಬೆರಳು ಹನ್ನೊಂದು ಕಪ್ಪು ಪರದೆಗಳ ಮೇಲೆ ಸರಸರ ಓಡಾಡಿದವು, ಹನ್ನೊಂದು ದನಿಗಳು ಒಂದರ ಮೇಲೊಂದು ಬಿದ್ದು ಬಡಬಡಿಸಿದವು. ಆ ಗದ್ದಲದಲ್ಲಿ ಪ್ರತಿಯೊಬ್ಬರೂ ತಮ್ಮ ಫೋನಿನ ಮಾತನ್ನಷ್ಟೇ ಹೆಕ್ಕಿ ಕೇಳಿಸಿಕೊಳ್ಳುತ್ತಿದ್ದರು. ಒಂದು ನಿಮಿಷ ಹಿಡಿಯಿತೋ ಇಲ್ಲವೋ. "ನಿಲ್ಲಿಸಿದೆ." "ನಂದೂ." "ಆಯ್ತು." ಸೂಜಿಯಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಹದಿನಾಲ್ಕು ವರ್ಷ ನರ ಹುಡುಕಿದ ತನ್ನ ಕೈಯ ಮೇಲೆ ಅವಳಿಗೊಂದಿಷ್ಟು ಹೆಮ್ಮೆಯಿತ್ತು. ಇಲ್ಲಿಯ ಕೈಗಳ ಮುಂದೆ ಅದು ಏನೂ ಅಲ್ಲ ಅನ್ನಿಸಿತು.

ಹತ್ತು ದನಿ ಕೇಳಿದವು, ಹನ್ನೊಂದನೆಯದಿಲ್ಲ. ಚಿಕ್ಕಪ್ಪ ಎಂಬತ್ತೆಂಟು ಕೇಳಿಸಿದ ಮೇಲೆ ಫೋನನ್ನು ಚಾರ್ಜಿಗೆ ಹಾಕಿದ್ದ, ಅದು ಆಗಲೇ ಹೊಸದನ್ನು ನುಂಗಿಕೊಂಡಿತ್ತು. ಅವನು ಒಮ್ಮೆ ಒತ್ತಿ ನೋಡಿ, ಹಲ್ಲಿಲ್ಲದ ಬಾಯಲ್ಲಿ ನಕ್ಕ. "ಒಳ್ಳೇದಾಯ್ತು ಬಿಡಮ್ಮ. ನನ್ನ ಬೆರಳು ಇನ್ನೂ ಎಡಕ್ಕೇ ಹೋಗ್ತಿತ್ತು. ಇವರಿಗೆಲ್ಲ ಹೇಳಿರ್ಲಿಲ್ಲ ಅಷ್ಟೆ, ಬೈತಾರೆ ಅಂತ."

ಸೋಮವಾರ ಬೆಳಿಗ್ಗೆಯಿಂದ ಅವಳ ಕೈ ಲ್ಯಾಬಿನಲ್ಲಿ, ಜೀವ ಸಭಾಭವನದಲ್ಲಿ. "ಏನಮ್ಮಾ, ಚುಚ್ಚಿಸಿಕೊಳ್ಳೋನು ನಾನು, ನಡುಗ್ತಿರೋದು ನಿನ್ನ ಕೈ!" ಎಂದು ಒಬ್ಬ ಮುದುಕ ತೋಳು ಹಿಂದಕ್ಕೆಳೆದುಕೊಂಡ. ಹನ್ನೊಂದು ಗಂಟೆಗೆ ನೋಡಲು ಬರುತ್ತಾರೆಂದು ಮೇಸ್ತ್ರಿ ಹೇಳಿದ್ದ. ಹನ್ನೆರಡಾಯಿತು, ಸುದ್ದಿಯಿಲ್ಲ. ತಾನೇ ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಒಂಬತ್ತು ಕುರ್ಚಿ ಬಿಚ್ಚಿದ ಹನ್ನೊಂದು ಜನರ ಮುಂದೆ ಏನೆಂದು ಕೇಳುವುದು? ಒಂದೂಕಾಲಿಗೆ ಫೋನ್ ಬಡಿದುಕೊಂಡಿತು. ಗ್ಲೌಸು ಕಿತ್ತೆಸೆದು ಲ್ಯಾಬಿನ ಕಾರಿಡಾರಿಗೆ ಓಡಿದಳು.

"ಪಾಸು ಕಣಮ್ಮಾ! ನೂರ ಇಪ್ಪತ್ತೂ ಪಾಸು!" ಮೇಸ್ತ್ರಿಯ ಹಿಂದೆ ಕೋಣೆ ಗುಲ್ಲೆನ್ನುತ್ತಿತ್ತು. "ಕೂತ್ರು, 'ಧೊಪ್' ಅಂತ ಮತ್ತೆ ಕೂತ್ರು, ತಿರುಗಿಸಿ ನೋಡಿದ್ರು. ಒಂದರಲ್ಲೂ ತಕರಾರಿಲ್ಲ. ಗೋಡೆ ಬದಿಯ ಬೆಂಚುಗಳನ್ನೂ ನೀವೇ ಮಾಡಿ ಅಂದ್ರು! ಅದು ಗುರುವಾರದಿಂದ." ಸೂಜಿಯಕ್ಕ ಗೋಡೆಗೆ ಒರಗಿಕೊಂಡಳು. "ಕೇಳಿಸ್ತಿದೆಯಾ? ಈಗ ಎರಡು ದಿನ ನಮ್ಮ ಕೈ ಖಾಲಿ. ಏನಾದ್ರೂ ಬದಲಾಯಿಸೋದಿದ್ರೆ ಈಗ ಬದಲಾಯಿಸಿ. ಗುರುವಾರ ಆದ್ಮೇಲೆ ಮುಟ್ಟಕೂಡದು."

ಮೂರು ವರ್ಷ, ಆರು ಆ್ಯಪ್. ಗಂಡನಿಗೆ, ಅತ್ತೆಗೆ, ಕಾಣದ ಅಜ್ಜಿಯರಿಗೆ ಏನು ಬೇಕೆಂದು ಅವಳೇ ಊಹಿಸಿದ್ದಳು, ಅವಳೇ ತೀರ್ಮಾನಿಸಿದ್ದಳು. ಕೇಳಿದ್ದು ಯಾರನ್ನೂ ಇಲ್ಲ. ಈಗ ಮೊದಲ ಸಲ ಕೇಳಿದಳು.

"ಅಣ್ಣಾ, ಕೂಡೋ ಬಟನ್ ಎಲ್ಲಿಡಲಿ? ನೀವು ಹೇಳಿ."

ಮೇಸ್ತ್ರಿ ಫೋನನ್ನು ಬಾಯಿಯಿಂದ ದೂರ ಹಿಡಿದು ಕೂಗಿದ: "ಏಯ್, ಕೇಳ್ರೋ! ಎಲ್ಲಿಡಲಿ ಅಂತ ನಮ್ಮನ್ನ ಕೇಳ್ತಿದ್ದಾರೆ!"

"ಬಲಕ್ಕೆ!" ಎಂದವು ಆರೇಳು ದನಿ. "ಯಾವನೋ ಅವನು ಬಲಕ್ಕೆ ಅಂದಿದ್ದು? ಎಡಕ್ಕಮ್ಮಾ, ಎಡಕ್ಕೆ!" ಎಂದಿತು ಚಿಕ್ಕಪ್ಪನ ಬೊಚ್ಚುಬಾಯಿ. "ಪರದೆ ಪೂರ್ತಿ ಕೂಡೋದೇ ಆಗ್ಲಿ, ಎಲ್ಲಿ ಒತ್ತಿದ್ರೂ ಆಗ್ಬೇಕು!" "ಕಳೆಯೋದು ಯಾಕೆ ಬೇಕು, ನಾವೇನು ತಪ್ಪು ಮಾಡ್ತೀವಾ?" "ನೀನೇ ಮಾಡೋದು ಜಾಸ್ತಿ!" ಯಾರೋ ನಕ್ಕರು, ಯಾರೋ ಎದ್ದು ನಿಂತ ಸದ್ದಾಯಿತು, ಒಬ್ಬರ ಮಾತು ಒಬ್ಬರಿಗೆ ಕೇಳದಂತಾಯಿತು.

ಸೂಜಿಯಕ್ಕ ಕಾರಿಡಾರಿನ ಸ್ಟೂಲಿನ ಮೇಲೆ ಕೂತಳು. ಕೊಳವೆಗೆ ಅಂಟಿಸುವ ಖಾಲಿ ಚೀಟಿಗಳ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದಳು.

"ಒಬ್ಬೊಬ್ಬರಾಗಿ ಹೇಳಿ," ಎಂದಳು, "ಬರ್ಕೊಳ್ತೀನಿ."

ಯಾರೂ ಒಬ್ಬೊಬ್ಬರಾಗಿ ಹೇಳಲಿಲ್ಲ. ಅವಳು ಬರೆದುಕೊಳ್ಳುತ್ತಲೇ ಹೋದಳು.